ಹೊಳೆ ದಾಟಿಸಿದ ಬೆಕ್ಕು

ಅದು ೨೦೨೩ನೆಯ ಇಸವಿ. ನನಗೆ ಆಗ ಐವತ್ತೆರಡು ವರ್ಷ. ಕುಮಟೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದಿದ್ದೆ. ಹೆಂಡತಿಗೆ ಭಟ್ಕಳದ ಬ್ಯಾಂಕಿಗೆ ವರ್ಗವಾದದ್ದರಿಂದ ಅವಳ ಹಿಂದೆ ನಾನೂ ಬಂದು ಬಾಡಿಗೆಮನೆ ಸೇರಿದ್ದೆ. ತಿದ್ದಲು ಮಕ್ಕಳಿಲ್ಲದ ಕಾರಣ ಬೀದಿಯ ಅಂಗಡಿಗಳ ಫಲಕಗಳನ್ನು ತಿದ್ದುತ್ತಿದ್ದೆ. ಫಲಕಗಳು ಮುಗಿದ ಮೇಲೆ ನನ್ನ ಕೈಗೆ ಸಿಕ್ಕಿದ್ದು ಪಕ್ಕದ ಮನೆಯ ಬೆಕ್ಕು.

ಪಕ್ಕದ್ದು ನವಾಯತ ಮುಸ್ಲಿಮರ ತುಂಬಿದ ಮನೆ. ಅಲ್ಲಿನ ಹಿರಿಯರು ಎಪ್ಪತ್ತು ದಾಟಿದ ಅಜ್ಜಿ. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ, ಅವರು ನನ್ನನ್ನು ಮಾಸ್ತರ್ರೇ ಎನ್ನುತ್ತಿದ್ದರು. ಅವರ ಬೂದು ಪಟ್ಟೆಯ ಬೆಕ್ಕು ದಿನವೂ ನಮ್ಮ ಅಡುಗೆಮನೆಗೆ ಬಂದು, ಕುಡಿಯುವ ನೀರಿನ ಕೊಡಕ್ಕೆ ಬಾಯಿ ಹಾಕುತ್ತಿತ್ತು. ನಾನು ಬಾಯಿಮಾತಿನಲ್ಲಿ ದೂರುವವನಲ್ಲ. ಕಾಗದದ ಮೇಲೆ ಅಂಚು ಬಿಟ್ಟು, ಮೂರು ಅಂಶಗಳ ದೂರನ್ನು ಬರೆದು ಕೊಟ್ಟೆ. ಅಮ್ಮನಿಗೆ ಕನ್ನಡ ಓದಲು ಬಾರದು. ಮೊಮ್ಮಗಳಿಂದ ಓದಿಸಿಕೊಂಡು, ಗೋಡೆಯಾಚೆಯಿಂದಲೇ ಉತ್ತರ ಕೊಟ್ಟರು. ನಮಾಜಿಗೆ ಮುಂಚೆ ಕೈಕಾಲು ತೊಳೆಯಲು ಇಟ್ಟ ನೀರನ್ನೂ ಅದು ಕುಡಿಯುತ್ತದಂತೆ. ಉಳಿದ ನೀರಿನಲ್ಲೇ ಅವರು ತೊಳೆದುಕೊಳ್ಳುತ್ತಾರಂತೆ.

"ಬೆಕ್ಕಿನ ಬಾಯಿ ನಮಗೆ ಮೈಲಿಗೆ ಅಲ್ಲ ಮಾಸ್ತರ್ರೇ. ಮನೆಯವರ ಹಾಗೆ ಸುತ್ತಮುತ್ತ ತಿರುಗಿಕೊಂಡು ಇರುವಂಥದ್ದು ಅದು. ಪೈಗಂಬರರೇ ಹೇಳಿದ್ದಾರೆ."

ನನ್ನ ಮೂರು ಅಂಶಗಳಲ್ಲಿ ಒಂದಕ್ಕೂ ಇದು ಉತ್ತರವಲ್ಲವೆಂದು ನಿರ್ಣಯಿಸಿ, ಕೊಡವನ್ನು ಹುಣಸೆಹುಳಿ ಹಾಕಿ ಉಜ್ಜಿದೆ.

ನಮ್ಮ ಕಡೆ ಬೆಕ್ಕನ್ನು ಕೊಲ್ಲುವುದಿಲ್ಲ. ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು. ಕಾಟ ಕೊಡುವ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಹೊಳೆ ದಾಟಿಸಿ ಬಿಡುವುದು ರೂಢಿ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ತಪ್ಪುತ್ತದೆಂದು ನಂಬಿಕೆ. ಸೋಮವಾರ ಬೆಳಿಗ್ಗೆ ಅದನ್ನು ಚೀಲಕ್ಕೆ ತುಂಬಿ ಹೊನ್ನಾವರದ ಬಸ್ಸು ಹತ್ತಿದೆ. ನನ್ನ ದುರದೃಷ್ಟಕ್ಕೆ ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ಸುಳ್ಳು ಹೇಳಿದ್ದಕ್ಕೆ ಒಮ್ಮೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಚೀಲದಲ್ಲಿ ಎಂತ ಎಂದು ಕೇಳಿದ. ಹಲಸಿನಹಣ್ಣು ಎಂದೆ.

"ಫೆಬ್ರವರಿಯಲ್ಲಿ ಹಲಸಿನಹಣ್ಣು ಎಲ್ಲಿ ಸಿಕ್ತು ಸರ್? ಅದೂ ಕೂಗೂದು?"

ಶರಾವತಿ ಸೇತುವೆ ದಾಟುವವರೆಗೂ ಹಿಂದಿನ ಸೀಟಿನವರು ನಕ್ಕರು. ಉಪವಾಸ ಬೀಳದಿರಲೆಂದು ಮೀನುಪೇಟೆಯ ಹಿಂದೆಯೇ ಬೆಕ್ಕನ್ನು ಬಿಟ್ಟು, ನನ್ನ ಕರುಣೆಯನ್ನು ನಾನೇ ಮೆಚ್ಚಿಕೊಂಡು ಮರಳಿದೆ.

ಮರುದಿನ ಅಮ್ಮ ಗೇಟಿನ ಬಳಿ ಬೀಗದಕೈ ಗೊಂಚಲು ಹಿಡಿದು ನಿಂತಿದ್ದರು. ದುಬೈಯಲ್ಲಿರುವ ಅವರ ತಮ್ಮನ ಮನೆ ನಮ್ಮ ಬೀದಿಯ ಕೊನೆಯಲ್ಲಿದೆ. ವಾರಕ್ಕೊಮ್ಮೆ ಅದರ ಬಾಗಿಲು ತೆರೆದು ಗಾಳಿಯಾಡಿಸುವುದು ಅವರ ಕೆಲಸ. ಸೋಮವಾರ ಬೆಳಿಗ್ಗೆ ಅವರು ಹೋದಾಗ ಬೆಕ್ಕೂ ಹಿಂದೆ ಬಂದಿತ್ತಂತೆ. ಕೆಲಸದಾಕೆ ಒಳಕೋಣೆಯನ್ನು ಗುಡಿಸಿ, ಅದರ ಬಾಗಿಲನ್ನು ಎಳೆದುಕೊಂಡಳು. ಅದು ತಾನಾಗಿ ಬೀಗ ಬೀಳುವ ಬಾಗಿಲು, ಅದರ ಬೀಗದಕೈ ದುಬೈಯಲ್ಲಿದೆ. ಆಮೇಲೆ ಬೆಕ್ಕನ್ನು ಕಂಡವರಿಲ್ಲ. ಅದು ಅಷ್ಟರೊಳಗೆ ಅಲ್ಲಿಂದ ಹೊರಬಿದ್ದು ನನ್ನ ಚೀಲ ಸೇರಿತ್ತೆಂದು ಅವರಿಗೇನು ಗೊತ್ತು? ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸೊಬ್ಬಳು ಅದೇ ಕಾರಣಕ್ಕೆ ನರಕಕ್ಕೆ ಹೋದಳೆಂದು ಅವರು ಚಿಕ್ಕಂದಿನಿಂದ ಕೇಳಿದ್ದರು.

"ಆ ಹೆಂಗಸು ನಾನೇ ಆಗಿಬಿಟ್ಟೆ ಮಾಸ್ತರ್ರೇ."

ಅವರು ಹುರಿದ ಮೀನನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸುತ್ತ, ಕಿವಿಯಿಟ್ಟು ಕೂರುತ್ತಿದ್ದರೆಂದು ಮೊಮ್ಮಗಳು ಹೇಳಿದಳು. ಆ ಹಲಗೆಗೆ ಕಿವಿಯಿಟ್ಟರೆ ಯಾರಿಗಾದರೂ ಏನಾದರೂ ಕೇಳಿಸೀತು. ಬುಧವಾರ ಬಡಗಿಯನ್ನು ಕರೆಸಿ ಬಾಗಿಲು ಮುರಿಸಿದರು. ಒಳಗೆ ಬೆಕ್ಕಿರಲಿಲ್ಲ. ಆದರೆ ಕೋಣೆಯ ಗಾಳಿಕಿಂಡಿಯ ಆಚೆ ಮುಚ್ಚಿಹೋದ ಅಟ್ಟ. ಅಲ್ಲಿಗೆ ಹತ್ತಿ ಸಿಕ್ಕಿಬಿದ್ದಿರಬೇಕೆಂದು ಅವರ ಹೊಸ ಭಯ. ಊಟ ಬಿಟ್ಟರು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಸಾಕ್ಷ್ಯವಿಲ್ಲದೆ ಹೇಳಿಕೆ ಕೊಡುವುದು ನನ್ನ ಕ್ರಮವಲ್ಲ. ಮೊದಲು ಬೆಕ್ಕನ್ನು ತಂದು, ಆಮೇಲೆ ತಪ್ಪೊಪ್ಪಿಕೊಳ್ಳೋಣವೆಂದುಕೊಂಡೆ. ಹೇಡಿತನಕ್ಕೆ ಇಷ್ಟು ಅಚ್ಚುಕಟ್ಟಾದ ಹೆಸರನ್ನು ಬೇರೆ ಯಾರೂ ಇಟ್ಟಿರಲಾರರು. ಗುರುವಾರ ಮೀನುಪೇಟೆಯಲ್ಲಿ ಎರಡು ಗಂಟೆ ಅಲೆದು, ಬೂದು ಪಟ್ಟೆಯದನ್ನು ಹಿಡಿದು, ಮೊಣಕೈತನಕ ಪರಚಿಸಿಕೊಂಡು ಬುಟ್ಟಿಯಲ್ಲಿ ತಂದೆ. ಅಮ್ಮ ಅದನ್ನು ಎತ್ತಿ ಒಮ್ಮೆ ನೋಡಿ ಕೆಳಗಿಟ್ಟರು.

"ಇದು ಗಂಡು ಮಾಸ್ತರ್ರೇ."

ಆಗ ಎಲ್ಲವನ್ನೂ ಹೇಳಿದೆ: ಚೀಲ, ಬಸ್ಸು, ಮೀನುಪೇಟೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದೆ. ಅವರು ನನ್ನ ಪರಚಿದ ಕೈ ನೋಡಿ ಕಣ್ಣೊರೆಸಿಕೊಂಡರು.

"ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಕಟ್ಟಿ ಹೇಳ್ತೀರಿ. ನಿಮ್ಮಂಥವರು ಬೆಕ್ಕು ಕದೀತಾರಾ?"

ಬದುಕಿಡೀ ನಾನು ಬೆಳೆಸಿಕೊಂಡ ನಿಷ್ಠುರ ಸತ್ಯವಂತನೆಂಬ ಹೆಸರು ಅಂದು ನನ್ನನ್ನೇ ಸೋಲಿಸಿತು. ಆಣೆ ಹಾಕಿದಷ್ಟೂ ಅವರ ಕಣ್ಣಲ್ಲಿ ನಾನು ಇನ್ನಷ್ಟು ಒಳ್ಳೆಯವನಾಗುತ್ತಿದ್ದೆ. ಹೆಂಡತಿ ಕೊನೆಗೆ, "ನೀವು ಹೇಳಿದ್ದು ಸಾಕು, ಅವರನ್ನೇ ಕರ್ಕೊಂಡು ಹೋಗಿ ತೋರ್ಸಿ," ಎಂದಳು.

ಅವಳ ರಜೆಯ ದಿನ ಮೂವರೂ ಹೊರಟೆವು. ಬುಟ್ಟಿಯಲ್ಲಿ ಆ ಗಂಡುಬೆಕ್ಕೂ ಇತ್ತು. ಮೀನುಪೇಟೆಯ ಹಿಂದೆ ಅದನ್ನು ಬಿಟ್ಟೊಡನೆ, ಹಿಂತಿರುಗಿ ನೋಡದೆ ಹೋಯಿತು. ಅಮ್ಮ ಬುರ್ಖಾ ಒದ್ದೆಯಾಗುವುದನ್ನೂ ಲೆಕ್ಕಿಸದೆ ಮೀನು ಮಾರುವವರ ಸಾಲಿನ ಉದ್ದಕ್ಕೂ ತಮ್ಮ ಮಾತಿನಲ್ಲಿ ಮೆಲ್ಲಗೆ ಕರೆಯುತ್ತ ನಡೆದರು. ಬಂಗುಡೆಯ ಬುಟ್ಟಿಯೊಂದರ ಹಿಂದಿನಿಂದ ಬೆಕ್ಕು ಹೊರಬಂದು ಅವರ ಕಾಲಿಗೆ ಮೈ ಉಜ್ಜಿತು. ಆರು ದಿನಗಳಲ್ಲಿ ಅದು ದಪ್ಪಗಾಗಿತ್ತು. ಅವರು ಅದರ ಹೊಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿ, ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು.

"ಹಾಗಾದ್ರೆ ನೀವು ಹೇಳಿದ್ದು ಸತ್ಯ."

"ಹೌದಮ್ಮ. ಕದ್ದವನು ನಾನೇ."

"ಆತು," ಎಂದರು. ಬೆಕ್ಕನ್ನು ಎತ್ತಿ ನನ್ನ ಕೈಗೆ ಕೊಟ್ಟು, "ನನಗೆ ಹಸಿವಾಗ್ತದೆ," ಎಂದರು.

ಪಕ್ಕದ ಹೋಟೆಲಿನಲ್ಲಿ ಅವರು ಎರಡು ಬನ್ಸ್ ತಿಂದು ಚಹಾ ಕುಡಿಯುವವರೆಗೆ ಬೆಕ್ಕನ್ನು ಹಿಡಿದುಕೊಂಡು ಹೊರಗೆ ನಿಂತವನು ನಾನು. ನಾನು ಅಪರಾಧಿಯೆಂದು ಸಂಶಯಾತೀತವಾಗಿ ಸಾಬೀತಾದದ್ದು ೨೦೨೩ರ ಫೆಬ್ರವರಿ ೧೨, ಭಾನುವಾರ.