ಸೋಮವಾರದ ಬಂಗಡೆ, ಕಾರವಾರದ ತಂಬೂರಿ

ನನಗೆ ಆಗ ಅರವತ್ತಾರೋ ಅರವತ್ತೇಳೋ. ಅದಾಗಿ ಹದಿನಾರು ವರ್ಷ ಸಂದಿತು. ಹಟ್ಟಿಕೇರಿಯ ನಮ್ಮ ಹಿತ್ತಿಲಲ್ಲಿ ಬೆಳೆದ ಬಸಳೆ, ಹರಿವೆಯನ್ನು ಬುಟ್ಟಿಗೆ ತುಂಬಿ ದಿನಾ ಅಂಕೋಲೆ ಪೇಟೆಗೆ ಹೋಗಿ ಮಾರುತ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ಅದೇ ಕೆಲಸ. ಮನೆಯಲ್ಲಿ ಕೂತರೆ ನನಗೆ ಮೈಕೈ ನೋವು ಶುರು.

ಒಂದು ದಿನ ಎಡವಟ್ಟಾಯಿತು. ನಮ್ಮಲ್ಲಿ ಸೋಮವಾರ ಮೀನು ಮಾಡುವುದಿಲ್ಲ. ಪೇಟೆಯಿಂದ ಬರುವಾಗ ಒಳ್ಳೆಯ ಬಂಗಡೆ ಕಂಡಿತು. ಕೊಂಡು ತಂದು, ಕಾಯಿ ಅರೆದು ಸಾರು ಮಾಡಿದೆ. ಅಂಗನವಾಡಿ ಕೆಲಸ ಮುಗಿಸಿ ಸೊಸೆ ತನ್ನ ಅಪ್ಪನನ್ನೂ ಕರೆದುಕೊಂಡು ಬಂದಳು. ಬೀಗರದು ಸೋಮವಾರದ ವ್ರತ. ನಾನು ಅವರ ಅನ್ನದ ಮೇಲೆ ಎರಡು ಬಂಗಡೆ ಬಡಿಸಿಯೇಬಿಟ್ಟೆ. ಅವರು ಬಟ್ಟಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅತ್ತೆ, ಇವತ್ತು ಎಂತ ವಾರ?" ಅಂದಳು ಸೊಸೆ.

"ಆಯ್ತವಾರ."

"ಆಯ್ತವಾರ ನಿನ್ನೆನೇ ಮುಗೀತು! ನಿಮ್ಗೆ ಅರಳು ಮರಳು. ಇನ್ನು ಪೇಟಿಗೆ ಹೋಗೂದು ಬೇಡ."

ಬುಟ್ಟಿ ಅಟ್ಟ ಹತ್ತಿತು. ಬೀಗರೆದುರು ಮರ್ಯಾದೆ ಹೋಗಿತ್ತಲ್ಲ.

ಕೆಲವು ದಿನಗಳಾದ ಮೇಲೆ ಸೊಸೆ ಒಂದು ಸುದ್ದಿ ತಂದಳು. ಕಾರವಾರದಲ್ಲಿ ಸಣ್ಣ ಕೋಣೆಯೊಂದರಲ್ಲಿ ಸಂಗೀತವಂತೆ, ನಡುನಡುವೆ ಡಾಕ್ಟರೊಬ್ಬರು ನೆನಪು, ಮರೆವು, ಕಣ್ಣು, ಕಿವಿ ಎಂದು ವಿಷಯ ಹೇಳುತ್ತಾರಂತೆ.

"ನಡೀರಿ, ಅವ್ರೇ ಹೇಳ್ಲಿ."

"ತಲೆ ಸರಿ ಅದೆ ಅಂದ್ರೆ?"

"ಬುಟ್ಟಿ ಕೆಳಗೆ ಇಳಸ್ತೆ."

ಕೋಣೆಯಲ್ಲಿ ಮೈಕಿಲ್ಲ. ಜನ ಚಾಪೆಯ ಮೇಲೆ ಒತ್ತೊತ್ತಾಗಿ ಕೂತಿದ್ದರು. ಎದುರಿಗೆ ವಯಲಿನ್, ತಬಲ. ಹಿಂದೆ ಪರದೆಗೆ ತಾಗಿ ತಂಬೂರಿ ಮೀಟುವವನು. ಭಜನೆ ಇರುತ್ತದೆಂದು ನಾನು ಚಪ್ಪಾಳೆ ತಟ್ಟಲು ತಯಾರಾಗಿ ಹೋಗಿದ್ದೆ. ಹಾಡೇ ಇಲ್ಲ. ಆದರೂ ವಯಲಿನ್ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಡಾಕ್ಟರರು ಎದ್ದು, "ಈಗ ವಯಲಿನ್ನಿನ ಕಮಾನು ಎಷ್ಟು ಸಲ ಮೇಲೆ ಹೋಗ್ತದೆ, ಎಲ್ಲರೂ ಎಣಿಸಿ" ಎಂದರು. ವಾದನ ಜೋರಾಯಿತು. ಮುಗಿದದ್ದೇ ಜನ ತಮ್ಮ ತಮ್ಮ ಲೆಕ್ಕ ಕೂಗಿದರು.

"ಅದು ಬಿಡಿ. ತಂಬೂರಿಯವರು ಬದಲಾದದ್ದು ಯಾರಿಗೆ ಕಂಡಿತು?"

ನಮ್ಮ ಸೊಸೆ ಎದ್ದು ನಿಂತಳು. "ಸುಳ್ಳು! ಆಗಿಂದ ಇವ್ರೇ ಕೂತಿದ್ರು. ನಾ ಮುಂದೇ ಇದ್ದೆ ಅಲಾ!"

ಡಾಕ್ಟರರು ಪರದೆ ಸರಿಸಿದರು. ಹಿಂದೆ ಮೊದಲಿನ ತಂಬೂರಿಯವನು, ಗಡ್ಡದ ಸಣಕಲ, ಚಾ ಕುಡಿಯುತ್ತ ನಿಂತಿದ್ದ. ಈಗ ತಂಬೂರಿ ಹಿಡಿದು ಕೂತಿದ್ದವನು ದಪ್ಪಗೆ, ಬೋಳುತಲೆ. ಕೋಣೆಯೆಲ್ಲ ನಗು. ನನಗೂ ಕಂಡಿರಲಿಲ್ಲ. ಕಮಾನು ಎಲ್ಲಿ ತಬಲದವನ ಕಣ್ಣಿಗೆ ಚುಚ್ಚುತ್ತದೋ ಎಂದು ನಾನು ಅದನ್ನೇ ನೋಡುತ್ತಿದ್ದೆ.

"ಮನಸ್ಸು ಒಂದು ಕಡೆ ನೆಟ್ಟರೆ ಕಣ್ಣೆದುರಿನದ್ದೂ ಕಾಣೂದಿಲ್ಲ. ಎಲ್ಲರಿಗೂ ಹಾಗೇ" ಎಂದರು ಡಾಕ್ಟರರು.

ನಾನು ಕೂತಲ್ಲಿಂದಲೇ ಕೇಳಿದೆ: "ಡಾಕ್ಟ್ರೇ, ವಾರ ಮರೆತು ಸೋಮವಾರ ಬಂಗಡೆ ಮಾಡಿದ್ರೆ ಅದು ರೋಗವಾ?"

ಅವರು ನಕ್ಕರು, ಆದರೆ ಬಿಡಲಿಲ್ಲ. ಮೊದಲು ಹೀಗೆ ಆಗಿದೆಯೇ, ದಾರಿ ತಪ್ಪುತ್ತದೆಯೇ, ಮನೆಯವರ ಗುರುತು ಮರೆಯುತ್ತದೆಯೇ ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ, ಸೊಸೆಯನ್ನು. ಅವಳು ಸೆರಗು ತಿರುವುತ್ತ ಹೇಳಿದಳು:

"ಇಲ್ಲ. ಅದೊಂದೇ ಸಲ."

"ಹಾಗಾದ್ರೆ ಅವರ ಕೆಲಸ ಅವರು ಮಾಡ್ಲಿ. ಪದೇ ಪದೇ ಆದ್ರೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

ಮನೆಗೆ ಹೊರಟ ಬಸ್ಸು ಬಿಣಗಾ ದಾಟಿತು. ನನಗೆ ತಡೆಯಲಾಗಲಿಲ್ಲ.

"ಅಷ್ಟು ದಪ್ಪ ಮನ್ಷ ಬಂದು ಕೂತದ್ದು ಕಾಣ್ಲಿಲ್ವನೇ ನಿಂಗೆ?"

"ನಿಮ್ಗೆ ಕಂಡಿತ್ತಾ?"

"ನಂದು ಬಿಡು ಮಾರಾಯ್ತಿ. ನಂಗೆ ಅರಳು ಮರಳು."

ಅವಳು ಕಿಸಕ್ಕನೆ ನಕ್ಕಳು. "ಮೀನು ತರೂ ಮೊದ್ಲು ಒಂದು ಮಾತು ನನ್ನ ಕೇಳಿ, ಸಾಕು" ಎಂದಳು. ಮನೆಗೆ ಹೋದವಳೇ ಏಣಿ ಇಟ್ಟು ಬುಟ್ಟಿ ಇಳಿಸಿಕೊಟ್ಟಳು.

ಮರುದಿನ ಬೆಳಿಗ್ಗೆ ಹರಿವೆ ಕಿತ್ತು ಕಟ್ಟು ಕಟ್ಟಿ ಮೊದಲ ಬಸ್ಸಿಗೆ ಅಂಕೋಲೆಗೆ ಹೋದೆ. ನನ್ನ ಜಾಗದಲ್ಲಿ ಯಾರೋ ಒಬ್ಬಳು ಬದನೆಕಾಯಿ ಹರಡಿಕೊಂಡು ಕೂತಿದ್ದಳು. ಅವಳನ್ನು ಎಬ್ಬಿಸಿ ಕೂತೆ.