ಕಲ್ಲಪ್ಪನವರ ಒಂಬತ್ತು ಡಿಸ್ಕುಗಳು

ಡಮ್ ಡಮ್‌ನ ಕಲ್ಲಪ್ಪನವರು ಡಿಸ್ಕ್ ಗಾಲ್ಫ್ ಆಡುವವರಲ್ಲ, ಆಡಲು ಸಿದ್ಧರಾಗುತ್ತಿರುವವರು. ತಟ್ಟೆಯಂಥ ಡಿಸ್ಕನ್ನು ಎಸೆದು ಸರಪಳಿ ಬುಟ್ಟಿಗೆ ಬೀಳಿಸುವ ಈ ಆಟಕ್ಕೆ, ಹೊಸಬರಿಗೆ ಒಂದೇ ಡಿಸ್ಕ್ ಸಾಕೆಂದು ಮಗಳು ಸಿಂಧೂರ ಹೇಳಿದ್ದಳು. ಇವರು ಆರು ತಿಂಗಳು ವಿಡಿಯೊ ನೋಡಿ ಒಂಬತ್ತು ತರಿಸಿದರು. ದಿನವೂ ಅವುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಾರೆ, ಅಂಚು ಸವರಿ ನೋಡುತ್ತಾರೆ. ಕನ್ನಡ ಸಂಘದಲ್ಲಿ ಯಾರೇ ಸಿಕ್ಕರೂ, "ದೂರ ಹೋಗೂ ಡಿಸ್ಕ್ ಈಗ ಬ್ಯಾಡ್ರಿ, ಮೊದ್ಲ ಹಗೂರಂದು ತಗೋರಿ" ಎಂದು ಕೇಳದಿದ್ದರೂ ಬುದ್ಧಿ ಹೇಳುತ್ತಾರೆ. ಭಾನುವಾರ ಮೈದಾನಕ್ಕೆ ಹೋದರೆ ಮಾತ್ರ ಅವರಿಗೆ ಗಾಳಿ ಜಾಸ್ತಿ. ಗಾಳಿ ನಿಂತರೆ ಹುಲ್ಲು ಒದ್ದೆ. ಹೊತ್ತು ತಂದ ಚೀಲವನ್ನು ಬಿಚ್ಚದೆಯೇ ಮೆಟ್ರೊ ಹತ್ತುತ್ತಾರೆ. ಕಳೆದ ವಾರ ಮಗಳೊಂದಿಗೆ ಮೈದಾನಕ್ಕೆ ಬಂದಿದ್ದ ಹೆಂಡತಿ ಮಹಾಲಕ್ಷ್ಮಿ ತಾವೇ ಚೀಲ ಬಿಚ್ಚಿ, ಒಂದು ಡಿಸ್ಕನ್ನು ಅವರ ಎಡಗೈಗೆ ಕೊಟ್ಟರು. "ಬಲಗೈ ಏಳಂಗಿಲ್ಲಂತ ನನಗ ಗೊತ್ತಿಲ್ಲೇನ್ರಿ? ಈ ಕೈಲೆ ಒಗೀರಿ, ಯಾರೂ ನಗಂಗಿಲ್ಲ." ಲಕ್ವ ಹೊಡೆದು ಎರಡು ವರ್ಷವಾದರೂ ಆ ಬಲಗೈಯನ್ನು ಕಲ್ಲಪ್ಪನವರು ಜೇಬಿನಲ್ಲೇ ಅಡಗಿಸಿಟ್ಟು ತಿರುಗುತ್ತಿದ್ದರು. ಎಡಗೈಯಿಂದಲೇ ಎಸೆದರು. ಡಿಸ್ಕ್ ಐದು ಹೆಜ್ಜೆ ಆಚೆ ಬಿತ್ತು. ಬುಟ್ಟಿ ಇನ್ನೂ ಬಹಳ ದೂರವಿತ್ತು. ಎತ್ತಿಕೊಡಲು ಸಿಂಧೂರ ಓಡಿದಳು. "ಬಿಡವಾ, ನಾನ ತರತೀನಿ" ಎಂದು ಕಲ್ಲಪ್ಪನವರು ಅವಸರವಾಗಿ ನಡೆದರು.