ಕೆಳಗಿನ ಶೆಲ್ಫಿನ ವೈನು

ಹಾಲಿನ ಪೊಟ್ಟಣವನ್ನೂ ಬೆಳಕಿಗೆ ಹಿಡಿದು ನೋಡಿಯೇ ಮನೆಯೊಳಗೆ ಬಿಟ್ಟುಕೊಳ್ಳುವ ಜಾತಿ ಈ ಕತೆಯ ಯಜಮಾನರದು. ಹೆಂಡತಿ ಅವರಿಗೆ ಅನುಮಾನಪಿಶಾಚಿ ಎಂದು ಹೆಸರಿಟ್ಟು ವರ್ಷಗಳೇ ಆಗಿದ್ದವು. ಆ ಹೆಸರಿನಿಂದ ಅವರಿಗೆ ಬೇಸರವಾಗುವ ಮಾತಿರಲಿ, ಒಳಗೊಳಗೇ ಹೆಮ್ಮೆಯಿತ್ತು.

ಹೆಮ್ಮೆಗೆ ಕಾರಣವೂ ಇತ್ತು ಅನ್ನಿ. ನಿವೃತ್ತರಾಗುವ ತನಕ ಅವರು ಒಂದು ದೊಡ್ಡ ಅಂಗಡಿಯಲ್ಲಿ ಸಾಮಾನು ಜೋಡಿಸಿ ಬೆಲೆಚೀಟಿ ಅಂಟಿಸುತ್ತಿದ್ದವರು. ಗಿರಾಕಿಗಳ ತಲೆ ಬೋಳಿಸುವುದನ್ನು ಸ್ವಂತ ಕೈಯಿಂದ ಮಾಡಿ ಕಲಿತವರು. ಅಂಗಡಿಗೆ ಲಾಭ ತರುವ ವೈನು ಕಣ್ಣಿನ ಮಟ್ಟದಲ್ಲಿ ಇರುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲದ ವೈನು ಕೆಳಗೆ ಮೊಣಕಾಲಿನ ಹತ್ತಿರ ಅಡಗಿರುತ್ತದೆ. ಅರ್ಧ ಬೆಲೆ ಎಂಬ ಕೆಂಪು ಚೀಟಿ ಬರುವ ಮುಂಚೆ ಬೆಲೆ ಸದ್ದಿಲ್ಲದೆ ದುಪ್ಪಟ್ಟಾಗಿರುತ್ತದೆ. ಬಾಟಲಿ ಎತ್ತಿದರೆ ಕೈ ಜಗ್ಗುವಷ್ಟು ಭಾರವಿದ್ದರೆ ನೀವು ಕೊಳ್ಳುತ್ತಿರುವುದು ಗಾಜನ್ನು. ಸಾಲಿನ ಕೊನೆಯಲ್ಲಿ ಗೋಪುರ ಕಟ್ಟಿಟ್ಟಿದ್ದರೆ ಅದು ಹೇಗಾದರೂ ಸಾಗಹಾಕಬೇಕಾದ ಮಾಲು. ಇದನ್ನೆಲ್ಲ ಊಟದ ಮೇಜಿನಲ್ಲಿ ಕೇಳಿ ಕೇಳಿ ಹೆಂಡತಿ, ಮಗಳ ಕಿವಿ ತೂತಾಗಿತ್ತು.

ಅವರು ವೈನು ಕೊಳ್ಳುವುದೂ ಒಂದು ವ್ರತದಂತೆಯೇ. ನೋಯುವ ಮಂಡಿಯನ್ನು ಬಗ್ಗಿಸಿ ಕೆಳಗಿನಿಂದ ಒಂದೇ ಒಂದು ಬಾಟಲಿ ತರುವುದು. ಅದಕ್ಕೂ ಹಳೆಯ ಬಾಟಲಿಗೂ ಪೇಪರು ಸುತ್ತಿ, ಯಾವುದು ಯಾವುದೆಂದು ತಿಳಿಯದ ಹಾಗೆ ಹೆಂಡತಿಯ ಕೈಯಿಂದ ಸುರಿಸಿ, ಎರಡನ್ನೂ ಕುಡಿದು ನೋಡುವುದು. ಹೊಸದು ಗೆದ್ದರೆ ಮಾತ್ರ ಮತ್ತೆ ಹೋಗಿ ನಾಲ್ಕು ತರುವುದು. ಇಷ್ಟೆಲ್ಲ ಮಾಡಿ ಉಳಿಸಿದ್ದು ಬಸ್ಸಿನ ಟಿಕೆಟಿಗೇ ಹೋಗುತ್ತದೆ ಎಂದು ಹೆಂಡತಿ ಅಂದರೆ, "ದುಡ್ಡಿನ ಪ್ರಶ್ನೆ ಅಲ್ಲ ಕಣೇ" ಎನ್ನುತ್ತಿದ್ದರು.

ಇಂಥ ಮನೆಯಲ್ಲಿ ಒಂದು ಸಂಜೆ, ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಒಬ್ಬಳೇ ಮಗಳು ತಾನು ಮದುವೆಯಾಗುವ ಹುಡುಗನ ವಿಷಯ ತೆಗೆದಳು.

"ಏನು ಕೆಲಸ?" ಎಂದರು ಯಜಮಾನರು.

"ಸ್ಟೇಷನ್ ಹಿಂದೆ ವೈನ್ ಅಂಗಡಿ ಇದೆಯಲ್ಲ, ಅಲ್ಲಿ ಮಾರ್ತಾನೆ."

"ವೈನ್ ಮಾರೋನಾ? ಊರಲ್ಲಿ ಬೇರೆ ಏನಾದ್ರೂ ಮಾರೋನು ಸಿಗ್ಲಿಲ್ವಾ ನಿಂಗೆ?"

"ಅಪ್ಪ, ನೀನೂ ಅಂಗಡಿಯವನೇ ಅಲ್ವಾ?"

"ಅದಕ್ಕೇ ಹೇಳ್ತಿರೋದು!"

ಶನಿವಾರ ರಾತ್ರಿ ಹುಡುಗ ಊಟಕ್ಕೆ ಬರುವುದೆಂದಾಯಿತು. ಯಜಮಾನರಿಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ. ನಗುನಗುತ್ತಾ ಮಾರುವವನು ನಗುನಗುತ್ತಲೇ ಮಗಳಿಗೂ ಟೋಪಿ ಹಾಕಿದರೆ? ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಆ ಹೆದರಿಕೆಗೆ ಅವರಿಗೆ ಗೊತ್ತಿದ್ದ ಮದ್ದು ಒಂದೇ, ಮಾಲನ್ನು ಪರೀಕ್ಷಿಸುವುದು.

ಗುರುವಾರ ಟೋಪಿಯನ್ನು ಹುಬ್ಬಿನ ತನಕ ಎಳೆದು, ಹೆಂಡತಿಯ ಕಪ್ಪು ಕನ್ನಡಕ ಏರಿಸಿಕೊಂಡು ಆ ಅಂಗಡಿಗೆ ಹೋದರು. ಕಣ್ಣಿನ ಮಟ್ಟದಲ್ಲಿ ಭಾರದ ಬಾಟಲಿಯೊಂದು ಕೆಂಪು ಚೀಟಿ ಅಂಟಿಸಿಕೊಂಡು ಮದುಮಗನ ಹಾಗೆ ನಿಂತಿತ್ತು. ಯಜಮಾನರು ಬೇಕೆಂದೇ "ಇದನ್ನ ಕೊಡಪ್ಪ" ಎಂದು ಅದಕ್ಕೆ ಕೈ ಹಾಕಿದರು.

"ಅದು ಬೇಡ ಸಾರ್," ಎಂದ ಹುಡುಗ. ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಹಗುರವಾದ ಬಾಟಲಿಯೊಂದನ್ನು ಎಳೆದ. "ಇದಕ್ಕೆ ಆಫರ್ ಗೀಫರ್ ಇಲ್ಲ, ಲೇಬಲ್ಲೂ ಸುಮಾರು. ಆದ್ರೆ ವೈನ್ ಚೆನ್ನಾಗಿದೆ. ಒಂದು ತಗೊಂಡು ಹೋಗಿ, ಹಿಡಿಸಿದ್ರೆ ಮತ್ತೆ ಬನ್ನಿ."

ಬೇರೆಯವರಾಗಿದ್ದರೆ ಅಲ್ಲಿಗೆ ಸಮಾಧಾನವಾಗುತ್ತಿತ್ತು. ಯಜಮಾನರಿಗೆ ಅನುಮಾನ ಇಮ್ಮಡಿಯಾಯಿತು.

"ನನ್ನ ಗುರುತು ಹಿಡಿದಿದ್ದಾನೆ," ಎಂದರು ಮನೆಗೆ ಬಂದು. "ನನ್ನ ಮಾತೇ ನನಗೆ ತಿರುಗಿಸಿ ಹೇಳ್ತಾನೆ. ಮಗಳು ಪಾಠ ಹೇಳಿಕೊಟ್ಟಿರ್ಬೇಕು."

"ರೀ, ಅವನು ಮೋಸ ಮಾಡಿದ್ರೆ ಕಳ್ಳ, ಮಾಡದಿದ್ರೆ ಪಾಕಡಾ ಕಳ್ಳ. ಅವನು ಏನು ಮಾಡ್ಬೇಕು ಅಂತ ನೀವೇ ಹೇಳಿ," ಎಂದಳು ಹೆಂಡತಿ.

ಮರುದಿನ ಅವರು ಎದುರುಮನೆಯ ಹಲ್ಲಿನ ಡಾಕ್ಟರಮ್ಮನನ್ನು ಹಿಡಿದರು. ಆಕೆಯನ್ನು ಆ ಹುಡುಗ ಕಂಡಿರಲಿಲ್ಲ, ಆಕೆಗೆ ವೈನಿನ ಗಂಧಗಾಳಿಯೂ ಇರಲಿಲ್ಲ. ಸ್ಟೇಷನ್ ಹಿಂದಿನ ಅಂಗಡಿಯಿಂದ ಒಂದು ಬಾಟಲಿ ತಂದುಕೊಡಬೇಕೆಂದು ಕೇಳಿದರು, ಏಕೆಂದು ಹೇಳಲಿಲ್ಲ. ಸಂಜೆ ಆಕೆ ತಂದು ಕೈಗಿಟ್ಟದ್ದು ಅದೇ ಭಾರದ ಬಾಟಲಿ, ಅದೇ ಕೆಂಪು ಚೀಟಿ! ಯಜಮಾನರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಾಟಲಿಯನ್ನು ತಿರುಗಿಸಿ, ಮಗುಚಿ, ಚೀಟಿಯ ಅಂಟನ್ನೂ ಉಗುರಿನಿಂದ ಕೆರೆದು ನೋಡಿದರು. ತಂದವಳನ್ನು ಮಾತ್ರ ಏನೂ ಕೇಳಲಿಲ್ಲ.

ಶನಿವಾರ ಹುಡುಗ ಬಂದ. ಕೈಯಲ್ಲಿ ಕೆಳಗಿನ ಶೆಲ್ಫಿನ ಅದೇ ವೈನು. ಯಜಮಾನರು ಬಾಯಿಬಿಡುತ್ತಿದ್ದಂತೆ ಹುಡುಗನ ಮುಖ ಅರಳಿತು. "ಅಂಕಲ್, ಕಪ್ಪು ಕನ್ನಡಕ ಹಾಕ್ಕೊಂಡು ಬಂದಿದ್ದು ನೀವೇ ಅಲ್ವಾ? ಧ್ವನಿ ಕೇಳಿ ಈಗ ಗೊತ್ತಾಯ್ತು."

ಈಗ ಗೊತ್ತಾಯಿತೋ, ಆಗಲೇ ಗೊತ್ತಿತ್ತೋ, ಎಂದುಕೊಂಡರು ಯಜಮಾನರು. ಎಲ್ಲರೂ ಕೂತ ಮೇಲೆ ಒಳಗಿನಿಂದ ಭಾರದ ಬಾಟಲಿ ತಂದು ಮೇಜಿನ ನಡುವೆ ಕುಕ್ಕಿದರು.

"ನನಗೆ ಬೇಡ ಅಂದಿದ್ದನ್ನ ನಿನ್ನೆ ಒಬ್ಬ ಹೆಂಗಸಿಗೆ ಮಾರಿದ್ದೀಯಲ್ಲ, ಯಾಕಪ್ಪ?"

ಹುಡುಗ ಬಾಟಲಿಯನ್ನು ನೋಡಿದ. "ನೀಲಿ ಕೊಡೆ ಹಿಡ್ಕೊಂಡಿದ್ರಲ್ಲ, ಅವರಾ? ಅವರಿಗೂ ಕೆಳಗಿನದೇ ತೋರಿಸ್ದೆ ಅಂಕಲ್. ಬೇಡ, ಇದೇ ನೋಡೋಕೆ ಚೆಂದ ಇದೆ ಅಂತ ತಗೊಂಡ್ರು."

"ಹೌದಾ? ಆಕೆ ಎದುರುಮನೆಯವರೇ. ಒಂದು ನಿಮಿಷ, ಕೇಳ್ಕೊಂಡು ಬರ್ತೀನಿ."

ಯಜಮಾನರು ಎದ್ದೇಬಿಟ್ಟರು. ಬಾಗಿಲ ಬಳಿ ಒಂದು ಚಪ್ಪಲಿ ಮೆಟ್ಟಿದ್ದಾಗ ಮಗಳ ದನಿ ಕೇಳಿಸಿತು. ಅವಳು ಕೂಗಲಿಲ್ಲ.

"ಹೋಗಿ ಕೇಳಪ್ಪ. ಅವರು ಹೌದು ಅಂದ್ರೆ ಇವನನ್ನ ನಂಬ್ತೀಯ, ಅಲ್ವಾ? ನಾನು ಒಂದು ವರ್ಷ ನೋಡಿ, ಯೋಚನೆ ಮಾಡಿ ಹೇಳಿದ ಮಾತಿಗೆ ಬೆಲೆ ಇಲ್ಲ. ಎದುರುಮನೆಯವರು ಬಾಗಿಲಲ್ಲಿ ನಿಂತು ಹೇಳಿದ್ದಕ್ಕೆ ಇದೆ. ನೀನು ಪರೀಕ್ಷೆ ಮಾಡ್ತಿರೋದು ಅವನನ್ನಲ್ಲಪ್ಪ, ನನ್ನನ್ನ. ನೀನು ವಾಪಸ್ ಬರೋ ಹೊತ್ತಿಗೆ ನಾವಿಲ್ಲಿ ಇರಲ್ಲ."

ಎದುರುಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಡಾಕ್ಟರಮ್ಮ ಅತ್ತಿಂದಿತ್ತ ಓಡಾಡುವುದು ಕಾಣುತ್ತಿತ್ತು. ಓಣಿ ದಾಟಿದರೆ ಸಾಕು, ಎಲ್ಲ ಇತ್ಯರ್ಥವಾಗಿಬಿಡುತ್ತಿತ್ತು. ಯಜಮಾನರು ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ನಿಂತರು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವರು ಮಾಡಿರಲಿಲ್ಲ.

ಆಮೇಲೆ ಚಪ್ಪಲಿ ಬಿಟ್ಟರು. ಬಾಗಿಲು ಹಾಕಿಕೊಂಡು ಬಂದು ಕೂತು, ಲೋಟವನ್ನು ಹುಡುಗನ ಮುಂದೆ ಚಾಚಿದರು. "ಹಾಕಪ್ಪ, ನೀನು ತಂದಿದ್ದನ್ನ." ಪೇಪರು ಸುತ್ತಲಿಲ್ಲ, ಮೂಸಲಿಲ್ಲ, ಕುಡಿದರು. ವೈನು ಹೇಗಿತ್ತೋ ಅವರಿಗೆ ಗೊತ್ತಾಗಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದರು.

ಮಗಳಿಗೂ ಆ ಹುಡುಗನಿಗೂ ಮದುವೆಯಾಯಿತು, ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಯಜಮಾನರು ಈಗಲೂ ಹಾಲಿನ ಪೊಟ್ಟಣವನ್ನು ಬೆಳಕಿಗೆ ಹಿಡಿಯುತ್ತಾರೆ, ಅಳಿಯ ತರುವ ಬಾಟಲಿಯ ತಳವನ್ನೂ ಒಮ್ಮೆ ತಡವುತ್ತಾರೆ. ಡಾಕ್ಟರಮ್ಮ ಇನ್ನೂ ಎದುರಿಗೇ ಇದ್ದಾಳೆ, ಬೆಳಿಗ್ಗೆ ಕುಂಡಗಳಿಗೆ ನೀರು ಹಾಕಲು ಹೊರಗೆ ಬರುತ್ತಾಳೆ. ಅವಳನ್ನು ಕಂಡಾಗಲೆಲ್ಲ ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಕೂರುತ್ತದೆ.

"ಗಿಡ ಚೆನ್ನಾಗಿ ಬಂದಿದೆ," ಎಂದು ಹೇಳಿ ಯಜಮಾನರು ಒಳಗೆ ಹೋಗುತ್ತಾರೆ.